ಬಸುರಿಯ ಹಲ್ಲುನೋವು ಹೆರಿಗೆಯವರೆಗೆ ಕಾಯಬೇಕೆ?

ಏಳನೇ ತಿಂಗಳಲ್ಲಿ ಕುಬುಸ ಮುಗಿಸಿ ತಂಗಿಯನ್ನು ಆಳಂದದಿಂದ ಕಲಬುರಗಿಯ ನಮ್ಮ ಮನೆಗೆ ಕರೆತಂದ ದಿನವೇ ನೋಡಿದೆ, ಅವಳ ಎಡಗೆನ್ನೆ ಊದಿಕೊಂಡಿತ್ತು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಒಂದೇ ಕಡೆಯಿಂದ ಅಗಿಯುತ್ತಿದ್ದಳು. ಕೇಳಿದರೆ, ನೋವು ಶುರುವಾಗಿ ಎರಡು ತಿಂಗಳಾಯಿತು ಎಂದಳು!

ತೋರಿಸಲಿಲ್ಲವೆಂದಲ್ಲ. ಅವಳು ತೋರಿಸಿದ ದಂತವೈದ್ಯರು ಬಾಯಿಯನ್ನು ಸರಿಯಾಗಿ ನೋಡದೆಯೇ "ಹೆರಿಗೆ ಆದ ಮೇಲೆ ಬನ್ನಿ" ಎಂದು ಕಳಿಸಿದ್ದರು. "ಬಸುರಿ ಹಲ್ಲು ಮುಟ್ಟಿಸಿಕೊಳ್ಳಬಾರದು, ಕೂಸಿಗೆ ಆಗುವುದಿಲ್ಲ" ಎಂದು ಅತ್ತೆ. ನೆರೆಮನೆಯವರು ಮಿಶ್ರಿ ತಿಕ್ಕಲು ಹೇಳಿದ್ದರು. ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಪುಡಿ. ಅದರ ನಿಕೋಟಿನ್ ಒಸಡಿನಿಂದ ನೇರ ರಕ್ತಕ್ಕೆ ಇಳಿಯುತ್ತದೆ, ತಂಬಾಕಿನಿಂದ ಕೂಸಿನ ತೂಕ ಕುಗ್ಗುತ್ತದೆ. ಪುಣ್ಯಕ್ಕೆ ಅವಳು ತಿಕ್ಕಲಿಲ್ಲ. ಆದರೆ ಮನೆಯಲ್ಲಿದ್ದ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗಿದ್ದಳು. 20 ವಾರ ದಾಟಿದ ಮೇಲೆ ಅದು ಕೂಸಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಗರ್ಭದ ನೀರನ್ನು ಕಡಿಮೆ ಮಾಡಬಲ್ಲದು. ಚಿಕಿತ್ಸೆಗೆ ಹೆದರಿದವರು ಮಾತ್ರೆಗೆ ಹೆದರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಮರುದಿನವೇ ಬೇರೊಬ್ಬ ದಂತವೈದ್ಯೆಯ ಬಳಿ ಕರೆದೊಯ್ದೆ. ಹುಳುಕು ನರಕ್ಕೆ ತಲುಪಿತ್ತು. ಆಕೆ ತಂಗಿಯನ್ನು ಅಂಗಾತ ಮಲಗಿಸಲಿಲ್ಲ. ಬಲ ಸೊಂಟದ ಕೆಳಗೆ ದಿಂಬು ಕೊಟ್ಟು ಎಡಕ್ಕೆ ವಾಲಿಸಿದರು. ತುಂಬುಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿದರೆ ತಲೆಸುತ್ತು ಬರುತ್ತದಂತೆ. ಆ ಜಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದು ಕೊಟ್ಟು, ಹಲ್ಲಿನ ಬೇರಿನೊಳಗಿನ ಸೋಂಕು ತೆಗೆಯುವ ರೂಟ್ ಕೆನಾಲ್ ಶುರು ಮಾಡಿದರು. ಸೀಸದ ಏಪ್ರನ್ ಹೊದಿಸಿ ಒಂದು ಎಕ್ಸ್‌ರೇ, ನೋವಿಗೆ ಪ್ಯಾರಾಸಿಟಮಾಲ್. ಆ ರಾತ್ರಿ ತಂಗಿ ನೆಮ್ಮದಿಯಾಗಿ ಮಲಗಿದಳು. ನಾಲ್ಕರಿಂದ ಆರನೇ ತಿಂಗಳು ಇಂಥ ಚಿಕಿತ್ಸೆಗೆ ಹೆಚ್ಚು ಅನುಕೂಲ, ಆದರೆ ನೋವು, ಕೀವು ಇದ್ದರೆ ಯಾವ ತಿಂಗಳಾದರೂ ಕಾಯಬಾರದು ಎಂದು ವೈದ್ಯೆ ಹೇಳಿದರು.

ಒಸಡಿನಲ್ಲಿ ರಕ್ತ ಬರುತ್ತದೆಂದು ಅವಳು ಬ್ರಷ್ಷನ್ನೇ ಬಿಟ್ಟಿದ್ದಳು. ಬಸುರಿನಲ್ಲಿ ಹಾರ್ಮೋನುಗಳು ಏರಿದಾಗ ಹಲ್ಲಿನ ಮೇಲಿನ ಸ್ವಲ್ಪ ಕೊಳೆಗೂ ಒಸಡು ಊದಿ ರಕ್ತ ಒಸರುತ್ತದೆ. ಬ್ರಷ್ ಬಿಟ್ಟಷ್ಟೂ ಕೊಳೆ ಹೆಚ್ಚುತ್ತದೆ, ರಕ್ತವೂ ಹೆಚ್ಚುತ್ತದೆ. ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆ ಎರಡು ಸಲ ತಿಕ್ಕಲೇಬೇಕು. ವಾಂತಿಯಾದ ಕೂಡಲೇ ಮಾತ್ರ ಬೇಡ. ಹೊಟ್ಟೆಯ ಆಮ್ಲ ಹಲ್ಲಿನ ಹೊರಪದರವನ್ನು ಮೆತ್ತಗಾಗಿಸಿರುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಬ್ರಷ್ ಮಾಡಬೇಕು.

"ಒಂದು ಕೂಸಿಗೆ ಒಂದು ಹಲ್ಲು" ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಕೂಸು ತಾಯಿಯ ಹಲ್ಲಿನಿಂದ ಸುಣ್ಣ ಕದಿಯುವುದಿಲ್ಲ. ಹಲ್ಲು ಹೋಗುವುದು ಹುಳುಕಿನಿಂದ, ಒಸಡಿನ ರೋಗದಿಂದ. ಎರಡನ್ನೂ ತಡೆಯಬಹುದು.

ಬಸುರಿನ ತಪಾಸಣೆಯ ವಿವರ ಬರೆಯುವ ತಂಗಿಯ "ತಾಯಿ ಕಾರ್ಡ್" ತೆರೆದು ನೋಡಿದೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲವನ್ನೂ ಬರೆದಿದ್ದರು, ಬಾಯಿಯ ಬಗ್ಗೆ ಒಂದಕ್ಷರ ಇರಲಿಲ್ಲ. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಅಲ್ಲಿಯೇ ಒಂದು ಟಾರ್ಚ್ ಹಿಡಿದು "ಬಾಯಿ ತೆರೆಯಮ್ಮ" ಎನ್ನಲು ಎರಡು ನಿಮಿಷ ಸಾಕು. ಕಲಬುರಗಿಯಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳನ್ನು ಆ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಏಕೆ ಕಳಿಸಬಾರದು?

ಬರುವ 9ಕ್ಕೆ ತಂಗಿಯ ಜೊತೆ ನಾನೂ ಹೋಗುತ್ತಿದ್ದೇನೆ. ಸಾಲಿನಲ್ಲಿ ಕುಳಿತ ಬಸುರಿಯರನ್ನು ಒಬ್ಬೊಬ್ಬರಾಗಿ ಕೇಳುತ್ತೇನೆ, ಹಲ್ಲು ನೋಯುತ್ತಿದೆಯೇ ಎಂದು.