ದೊಡ್ಡ ಪಂಪ್ ಹಾಕಿದರೆ ಮೈಲೇಜ್ ಏರುತ್ತಾ?

ಹಳೇ ಕಾರಿಗೆ ಜಾಸ್ತಿ ಪ್ರೆಶರ್‌ನ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಹಾಕಿಸಿದರೆ ಪಿಕಪ್, ಮೈಲೇಜ್ ಎರಡೂ ಏರುತ್ತವೆ ಅನ್ನೋ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು. ಪದ್ಮಿನಿ, ಅಂಬಾಸಿಡರ್‌ನಂಥ ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರೋ ಕಾರಿನಲ್ಲಿ ಇಂಜಿನ್‌ಗೆ ಹೋಗೋ ಪೆಟ್ರೋಲನ್ನು ಅಳೆಯುವುದು ಕಾರ್ಬುರೇಟರ್‌ನ ಜೆಟ್ ಅನ್ನೋ ಸಣ್ಣ ತೂತು, ಪಂಪ್ ಅಲ್ಲ. ಪಂಪ್ ಕೆಲಸ ಫ್ಲೋಟ್ ಬೌಲ್, ಅಂದರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು, ತುಂಬಿಸಿಡುವುದು ಅಷ್ಟೇ. ಅದಕ್ಕೆ ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ (ಒತ್ತಡದ ಅಳತೆ) ಸಾಕು. ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಕಾರಿನ ಪಂಪ್ 40 ಪಿಎಸ್‌ಐ ದಾಟಬಹುದು. ಅಷ್ಟು ಒತ್ತಡಕ್ಕೆ ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಪುಟ್ಟ ಸೂಜಿ ವಾಲ್ವ್ ತಡೆಯುವುದಿಲ್ಲ, ಪೆಟ್ರೋಲ್ ಉಕ್ಕಿ ಬಿಸಿ ಇಂಜಿನ್ ಮೇಲೆ ಸುರಿದು ಬೆಂಕಿ ಹತ್ತಬಹುದು. ನನಗೆ ಭಯ ಇರುವುದು ಇದೇ. ಇದ್ದ ಪಂಪ್ ಕೆಟ್ಟಿದ್ದರೆ ಹೊಸದು ಹಾಕಿದಾಗ ಗಾಡಿ ಚೆನ್ನಾಗಿ ಓಡುತ್ತದೆ, ಅಲ್ವಾ? ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಕೊಳ್ಳುವ ಮುಂಚೆ ಬಾಕ್ಸ್ ಮೇಲಿನ ಪಿಎಸ್‌ಐ ಓದಿ, ಸರ್ವಿಸ್ ಮ್ಯಾನ್ಯುಯಲ್ ಜೊತೆ ಹೋಲಿಸಿ. ಬಾರ್ ಅಂತ ಬರೆದಿದ್ದರೆ, 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ.