ಗಾಳ ಹಾಕುವವರನ್ನೂ ಜೊತೆಗೆ ಸೇರಿಸಿಕೊಳ್ಳಿ

ಮೊನ್ನೆ ಬೆಳಗ್ಗೆ ಸಕಲೇಶಪುರದ ಹತ್ತಿರ ಹೇಮಾವತಿ ದಂಡೆಗೆ ಹೋಗಿದ್ದೆ. ಚಿಕ್ಕಂದಿನಿಂದ ಗಾಳ ಹಾಕುವ ಗುಂಡಿ ಅದು. ನೀರಿನ ಅಂಚಿನಲ್ಲಿ ಬೆರಳುದ್ದದ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂದನ್ನು ಅಂಗೈ ಮೇಲಿಟ್ಟು ನೋಡಿದೆ. ಮೈಮೇಲೆ ಗಾಯ ಇಲ್ಲ, ಕಣ್ಣಲ್ಲಿ ಮಾತ್ರ ರಕ್ತ ಕಟ್ಟಿತ್ತು. ರಾತ್ರಿ ಯಾರೋ ತೋಟೆ, ಅಂದರೆ ಸಿಡಿಮದ್ದು, ಹಾಕಿದ್ದಾರೆ. ದೊಡ್ಡ ಮೀನು ಬಾಚಿಕೊಂಡು, ಮರಿಗಳನ್ನು ಕೊಳೆಯಲು ಬಿಟ್ಟು ಹೋಗಿದ್ದಾರೆ.

ತೋಟೆ, ವಿಷ ಹಾಕಿ ಮೀನು ಹಿಡಿಯಬಾರದು ಎಂಬ ಕಾನೂನು 1897ರಲ್ಲೇ ಬಂದಿದೆ. ಆದರೆ ಕತ್ತಲಲ್ಲಿ ಹೊಳೆ ಕಾಯುವವರು ಯಾರು? ಹೊಳೆಗೆ ಏನಾಗಿದೆ ಅಂತ ಮೊದಲು ಗೊತ್ತಾಗುವುದು ದಿನಾ ಅಲ್ಲಿ ಕೂರುವವನಿಗೆ. ಅವನು ಗಾಳ ಹಾಕುವವನೇ ಆಗಿರುತ್ತಾನೆ. ಪರಿಸರದ ಸಭೆಗಳಲ್ಲಿ ಮಾತ್ರ ಅವನಿಗೆ ಕುರ್ಚಿ ಇಲ್ಲ. ಮೀನು ತಿನ್ನುವವನು, ಅವನಿಗೇನು ಕಾಳಜಿ ಅಂತಾರೆ. ಈ ಮಾತು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಕಾವೇರಿಯ ಕಥೆ ನೋಡಿ. ಗಾಲಿಬೋರೆ ಕ್ಯಾಂಪಿನಲ್ಲಿ ಗಾಳ ಹಾಕುತ್ತಿದ್ದವರು ಮಹಶೀರ್ ಅನ್ನುವ ದೊಡ್ಡ ಹೊಳೆ ಮೀನನ್ನು ಹಿಡಿದು, ತೂಕ ನೋಡಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಯಾವ ಮೀನು, ಎಷ್ಟು ತೂಕ, ಎಲ್ಲ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಸಂಶೋಧಕರು ಕೂತು ನೋಡಿದರು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಾಗಿತ್ತು. ಕಾವೇರಿಯದೇ ಆದ ಡುಬ್ಬದ ಮಹಶೀರ್ ಕಣ್ಮರೆಯಾಗುತ್ತಾ ಬಂದಿತ್ತು. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಹೊರಗಿನ ಮಹಶೀರ್ ಮರಿ ತಂದು ಬಿಟ್ಟರೆ ಹೊಳೆ ಉದ್ಧಾರ ಆಗುತ್ತದೆ ಅಂತ ಹಿಂದೆ ನಂಬಿದ್ದರು. ಆ ತಪ್ಪು ಹೊರಗೆ ಬಂದಿದ್ದೇ ಗಾಳ ಹಾಕುವವರ ಪುಸ್ತಕದಿಂದ.

ಹೇಮಾವತಿಗೆ, ಭದ್ರೆಗೆ ಅಂಥ ಪುಸ್ತಕ ಯಾಕಿಲ್ಲ? ನಾನು ನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ. ತಾರೀಖು, ನೀರಿನ ಬಣ್ಣ, ಸಿಕ್ಕ ಮೀನು, ಏನೂ ಸಿಗದ ದಿನ, ಅಷ್ಟೇ. ಏನೂ ಸಿಗದ ದಿನವನ್ನೂ ಬರೆಯಲೇಬೇಕು. ಹಳೇ ಪುಟ ತಿರುವಿದರೆ ಅಂಥ ದಿನಗಳು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿರುವುದು ಕಾಣುತ್ತದೆ.

ನಮ್ಮವರಲ್ಲೂ ತಪ್ಪಿದೆ. ಮೊದಲ ಮಳೆಗೆ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವುದು ಮೊಟ್ಟೆ ಇಡಲು. ಆಗಲೇ ನಾವು ಟಾರ್ಚು, ಕತ್ತಿ, ಮೀನು ಹಿಡಿಯುವ ಕೂಣಿ ಹಿಡಿದು ನಿಲ್ಲುತ್ತೇವೆ. ಆ ಸಾರಿನ ರುಚಿ ನನಗೂ ಗೊತ್ತು. ಆದರೂ ಬಿಟ್ಟಿದ್ದೇನೆ. ಮೊಟ್ಟೆ ತುಂಬಿದ ಮೀನನ್ನೇ ಕಡಿದರೆ ಮುಂದಿನ ವರ್ಷ ಹೊಳೆಯಲ್ಲಿ ಏನಿರುತ್ತದೆ? ಶೃಂಗೇರಿಯಲ್ಲಿ ತುಂಗೆಯ ಮೀನನ್ನು ಯಾರೂ ಮುಟ್ಟುವುದಿಲ್ಲ. ದೇವರ ಮೀನು ಅನ್ನುವ ಒಂದು ಮಾತಿಗೆ ಅಲ್ಲಿ ಎಷ್ಟು ದೊಡ್ಡ ಮೀನು ಬೆಳೆದಿವೆ ನೋಡಿ. ಊರಿಗೊಂದು ಗುಂಡಿಯನ್ನಾದರೂ ಹಾಗೇ ಬಿಡೋಣ ಅಂತ ನಮ್ಮ ಗೆಳೆಯರ ಹತ್ತಿರ ಕೇಳುತ್ತಲೇ ಇದ್ದೇನೆ.

ಇನ್ನು ಶಿಕಾರಿ. ಬೇಟೆ ತಡೆಯುವ 1972ರ ವನ್ಯಜೀವಿ ಕಾಯ್ದೆ ಸಡಿಲ ಆಗಲಿ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಒಂದು ಕಾಲದಲ್ಲಿ ಈಡಿಗೆ ಹೋಗುತ್ತಿದ್ದ ಹಿರಿಯರ ಕಣ್ಣು ನಮಗೆ ಬೇಕು. ನನ್ನ ದೊಡ್ಡಪ್ಪ ಕೋವಿ ಮೂಲೆಗಿಟ್ಟು ಬಹಳ ವರ್ಷವಾಯಿತು. ಈಗ ತೋಟದ ಬೇಲಿ ಪಕ್ಕ ನಡೆಯುವಾಗ ಬೈಕಿನ ಕ್ಲಚ್ ವೈರಿನ ಉರುಳನ್ನು ದೂರದಿಂದಲೇ ಗುರುತು ಹಿಡಿಯುತ್ತಾರೆ. ಹಂದಿಗೆ ಅಂತ ಇಟ್ಟ ಉರುಳಿಗೆ ಚಿರತೆಯೂ ಬೀಳುತ್ತದೆ. ಸೊಂಟಕ್ಕೆ ವೈರು ಬಿಗಿದು ಒದ್ದಾಡಿ ಸಾಯುತ್ತದೆ. "ಲೋ, ಕಾಡು ನೋಡಬೇಡ, ನೆಲ ನೋಡು. ಹುಲ್ಲು ಒಂದೇ ಕಡೆ ಬಗ್ಗಿದೆ, ಕಾಣಲ್ವಾ?" ಅಂದರು ಹೋದ ವಾರ. ನನಗೆ ಕಾಣಲಿಲ್ಲ. ಅವರು ಬಗ್ಗಿ, ಎಲೆ ಸರಿಸಿ, ವೈರು ತೋರಿಸಿದರು.

ಅವರಿಗೆ ಈಗ ಎಪ್ಪತ್ತೆರಡು. ಈ ಭಾನುವಾರ ಬೆಳಗ್ಗೆ ನಾಲ್ಕೈದು ಜನ ಅವರ ಹಿಂದೆ ಹೊರಡುತ್ತಿದ್ದೇವೆ. ನಮ್ಮ ಕಡೆಯವರು ಯಾರಾದರೂ ಬರುವುದಿದ್ದರೆ ಹೇಳಿ. ಬರುವಾಗ ಒಂದು ಕಟಿಂಗ್ ಪ್ಲೇಯರ್ ತನ್ನಿ.