ಉಳಿದ ಕಂತಿನಲ್ಲಿ ಅವರಿಲ್ಲ, ಅವರಿದ್ದ ಕಂತು ಉಳಿದಿಲ್ಲ

'ಡಾಕ್ಟರ್ ಹೂ' ಎಂಬ ಬಿಬಿಸಿಯ ವೈಜ್ಞಾನಿಕ ಕಥೆಗಳ ಟಿವಿ ಸರಣಿಯ ಕಳೆದುಹೋದ ಕಂತುಗಳ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು 'ದಿ ಟೆಂತ್ ಪ್ಲಾನೆಟ್' ಹತ್ತಿರ. ನಾಲ್ಕು ಕಂತಿನ ಕಥೆ. 1966ರ ಅಕ್ಟೋಬರ್ 8ರಿಂದ 29ರವರೆಗೆ, ನಾಲ್ಕು ಶನಿವಾರ ಬಿಬಿಸಿಯಲ್ಲಿ ಬಂತು. ಮೊದಲ ಮೂರು ಕಂತು ಇವತ್ತಿಗೂ ನೋಡಲು ಸಿಗುತ್ತವೆ. ನಾಲ್ಕನೆಯದು ಇಲ್ಲ.

ಸರಣಿಯ ನಾಯಕನ ಹೆಸರು ಡಾಕ್ಟರ್. ರೂಪ ಬದಲಿಸುವ ಪಾತ್ರವಾದ್ದರಿಂದ ಒಬ್ಬ ನಟ ಹೋದರೆ ಇನ್ನೊಬ್ಬರು ಬರುತ್ತಾರೆ. ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಪಾತ್ರ ಬಿಟ್ಟು ಹೊರಡುವ ಕಥೆ ಇದು. ಆಗ ಅವರಿಗೆ 58 ವರ್ಷ, ಆರೋಗ್ಯ ಕೈಕೊಟ್ಟಿತ್ತು. ಮೂರನೇ ಕಂತಿನ ಹೊತ್ತಿಗೆ ಕಾಯಿಲೆ ಬಿದ್ದು ಸ್ಟುಡಿಯೋಗೆ ಬರಲಾಗಲಿಲ್ಲ. ಡಾಕ್ಟರ್ ತಲೆಸುತ್ತಿ ಬೀಳುವ ಹಾಗೆ ಕಥೆ ತಿದ್ದಿದರು, ಅವರ ಜಾಗದಲ್ಲಿ ಇನ್ನೊಬ್ಬರನ್ನು ಬೀಳಿಸಿದರು, ಅವರ ಮಾತುಗಳನ್ನು ಉಳಿದವರಿಗೆ ಹಂಚಿದರು. ನಾಲ್ಕನೆಯದಕ್ಕೆ ವಾಪಸ್ ಬಂದು ಅಭಿನಯಿಸಿ ಹೊರಟರು. ಆ ಕಂತೇ ಕಳೆದುಹೋಯಿತು! ಮೂರು ವರ್ಷ ಆ ಪಾತ್ರವನ್ನು ಹೊತ್ತು ತಿರುಗಿದ ಮನುಷ್ಯನ ಕೊನೆಯ ಎರಡು ವಾರ ನಮ್ಮ ಕಣ್ಣಿಗೆ ಸಿಗದೇ ಹೋದದ್ದು ಹೀಗೆ.

ಸೈಬರ್‌ಮನ್‌ಗಳು, ಅಂದರೆ ಅಂಗಾಂಗಗಳನ್ನು ಯಂತ್ರಕ್ಕೆ ಬದಲಿಸಿಕೊಂಡ ಜೀವಿಗಳು, ಮೊದಲ ಸಲ ಕಾಣಿಸಿಕೊಂಡದ್ದೂ ಇದರಲ್ಲೇ. ಆ ಕಲ್ಪನೆಯ ಹಿಂದಿದ್ದವರು ಕಿಟ್ ಪೆಡ್ಲರ್, ವೈದ್ಯಕೀಯ ಸಂಶೋಧಕರು. ದೇಹದ ಒಂದೊಂದೇ ಅಂಗ ಬದಲಿಸುತ್ತಾ ಹೋದರೆ ಕೊನೆಗೆ ಮನುಷ್ಯ ಅಂತ ಉಳಿಯುವುದು ಏನು ಎಂಬ ಭಯ ಅವರದು. ಜಗತ್ತಿನ ಮೊದಲ ಮಾನವ ಹೃದಯ ಕಸಿ ನಡೆದದ್ದು ಇದಾದ ಮೇಲೆ, 1967ರ ಡಿಸೆಂಬರಿನಲ್ಲಿ. ಮುಂದೆ ಬಂದ ಲೋಹದ ಮುಖದ ಸೈಬರ್‌ಮನ್‌ಗಳಿಗಿಂತ ನನಗೆ ಇವರೇ ಹೆಚ್ಚು ಭಯ ಹುಟ್ಟಿಸುತ್ತಾರೆ. ಮುಖಕ್ಕೆ ಬಟ್ಟೆ ಸುತ್ತಿದೆ, ಕೈ ಮಾತ್ರ ನಮ್ಮ ನಿಮ್ಮಂಥದ್ದೇ. ಬಾಯಿ ಸುಮ್ಮನೆ ತೆರೆದುಕೊಳ್ಳುತ್ತದೆ, ತುಟಿ ಆಡುವುದಿಲ್ಲ, ರಾಗ ಎಳೆದಂಥ ದನಿ ಹೊರಗೆ ಬರುತ್ತದೆ, ಮಾತು ಮುಗಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಜನ ಸಾಯುತ್ತಾರೆ, ನಿಮಗೇನೂ ಅನಿಸುವುದಿಲ್ಲವೇ ಎಂದು ಡಾಕ್ಟರ್ ಜೊತೆಗಾತಿ ಪಾಲಿ ಕೇಳುತ್ತಾಳೆ. ನಿಮ್ಮ ಲೋಕದ ತುಂಬ ಜನ ಸಾಯುತ್ತಲೇ ಇದ್ದಾರಲ್ಲ, ನಿಮಗೂ ಏನೂ ಅನಿಸುವುದಿಲ್ಲವಲ್ಲ ಅನ್ನುತ್ತಾನೆ ಆ ಸೈಬರ್‌ಮನ್. ಎಷ್ಟು ಸಲ ನೋಡಿದರೂ ಅಲ್ಲಿ ನನಗೆ ಪಾಲಿಯ ಪರವಾಗಿ ಉತ್ತರ ಹೊಳೆದಿಲ್ಲ.

ಕಂತು ಹೋದದ್ದು ಬೆಂಕಿಗೂ ಅಲ್ಲ, ಕಳ್ಳರಿಗೂ ಅಲ್ಲ. ವಿಡಿಯೋ ಟೇಪ್ ದುಬಾರಿ, ಅಳಿಸಿ ಮತ್ತೆ ಬಳಸುತ್ತಿದ್ದರು. ವಿದೇಶಕ್ಕೆ ಮಾರಲು ಮಾಡಿದ ಫಿಲ್ಮ್ ಪ್ರತಿಗಳನ್ನೂ ಹಕ್ಕಿನ ಅವಧಿ ಮುಗಿದ ಮೇಲೆ ಎಸೆದರು. ಕಲಾವಿದರ ಒಪ್ಪಂದದಲ್ಲಿ ಮರುಪ್ರಸಾರಕ್ಕೂ ಮಿತಿ ಇತ್ತು, ಇಟ್ಟುಕೊಂಡು ಏನು ಮಾಡುವುದು ಅನ್ನುವ ಲೆಕ್ಕ. ಆ ಲೆಕ್ಕ ನನಗೆ ಅರ್ಥವಾಗುತ್ತದೆ, ಕ್ಷಮಿಸಲು ಮಾತ್ರ ಮನಸ್ಸು ಬರುವುದಿಲ್ಲ.

ನಾಲ್ಕನೇ ಕಂತಿನಲ್ಲಿ ಉಳಿದಿರುವುದು ಕೆಲವು ತುಣುಕು ಮಾತ್ರ, ಅದರಲ್ಲಿ ಮುಖ್ಯವಾದದ್ದು ಡಾಕ್ಟರ್ ರೂಪ ಬದಲಿಸುವ ಕ್ಷಣ. 1973ರಲ್ಲಿ 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಆ ತುಣುಕು ತೋರಿಸಿದ್ದರಿಂದ ಅಷ್ಟಾದರೂ ಬಚಾವಾಯಿತು. ಡಾಕ್ಟರ್ ನೆಲದ ಮೇಲೆ ಬಿದ್ದಿದ್ದಾರೆ. ಮುಖ ಬೆಳ್ಳಗಾಗುತ್ತಾ ಬೆಳಕಿನಲ್ಲಿ ಕರಗಿಹೋಗುತ್ತದೆ, ಬೆಳಕು ಇಳಿದಾಗ ಅಲ್ಲಿ ಎರಡನೇ ಡಾಕ್ಟರ್ ಪ್ಯಾಟ್ರಿಕ್ ಟ್ರೌಟನ್. ಕ್ಯಾಮೆರಾಗಳ ದೃಶ್ಯ ಬೆರೆಸುವ ವಿಷನ್ ಮಿಕ್ಸರ್ ಶರ್ಲಿ ಕೋವರ್ಡ್ ಅದನ್ನು ಸಾಧಿಸಿದ್ದು ಮಿಕ್ಸಿಂಗ್ ಡೆಸ್ಕಿನ ಕೆಟ್ಟುಹೋಗಿದ್ದ, ದೃಶ್ಯವನ್ನು ಏರಿಸಿ ಇಳಿಸುವ ಒಂದು ಫೇಡರ್‌ನಿಂದ. ಆ ಕೈಚಳಕವನ್ನು ನೆನೆದರೆ ಈಗಲೂ ರೋಮಾಂಚನ.

2013ರ ಡಿವಿಡಿಯಲ್ಲಿ ನಾಲ್ಕನೇ ಕಂತನ್ನು ಅನಿಮೇಷನ್ ಮಾಡಿ ಸೇರಿಸಿದ್ದಾರೆ. ಶ್ರದ್ಧೆಯ ಕೆಲಸ, ತೆಗೆದುಹಾಕುವ ಹಾಗಿಲ್ಲ. ಆದರೂ ನಾನು ಹೇಳುವುದು ಇಷ್ಟು: ಮೊದಲು ಬರೀ ಧ್ವನಿ ಕೇಳಿ. ಅಂದು ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತ ವೀಕ್ಷಕರಿಂದ ಉಳಿದ ಧ್ವನಿ ಅದು. ಪರದೆಯ ಫೋಟೋ ತೆಗೆಯುವುದನ್ನೇ ವೃತ್ತಿ ಮಾಡಿಕೊಂಡಿದ್ದ ಜಾನ್ ಕ್ಯೂರಾ ಅವರ ಸ್ಥಿರಚಿತ್ರಗಳನ್ನು ಬೇಕಾದರೆ ಪಕ್ಕದಲ್ಲಿಟ್ಟುಕೊಳ್ಳಿ. ಅನಿಮೇಷನ್‌ನ ಮುಖ ಇಂದಿನ ಕಲಾವಿದರು ಬರೆದದ್ದು. ಆ ಏದುಸಿರು, ಆ ತಡವರಿಕೆ ಹಾರ್ಟ್‌ನೆಲ್ ಅವರದೇ. ಈ ಮುದಿ ದೇಹ ಸವೆದುಹೋಗಿದೆ ಎಂದು ಡಾಕ್ಟರ್ ಹೇಳುವಾಗ ಪಾತ್ರ ಎಲ್ಲಿ, ನಟ ಎಲ್ಲಿ ಅಂತ ಬಿಡಿಸಲಾಗುವುದಿಲ್ಲ.

ಎಲ್ಲ ಮುಗಿಯಿತಲ್ಲ ಅನ್ನುತ್ತಾನೆ ಡಾಕ್ಟರ್ ಜೊತೆಗಾರ ಬೆನ್. ಇಲ್ಲ, ಮುಗಿಯುವುದು ಇನ್ನೂ ದೂರ ಇದೆ ಅನ್ನುತ್ತಾರೆ ಡಾಕ್ಟರ್. ಹೊರಗೆ ದಕ್ಷಿಣ ಧ್ರುವದ ಹಿಮ. ಬೆನ್ ಡಾಕ್ಟರ್ ಕೈಗೆ ಮೇಲಂಗಿ ಕೊಡುತ್ತಾನೆ. ಅದನ್ನು ತೆಗೆದುಕೊಂಡು, ಊರಿಗೆ ಹೊರಟ ಅಜ್ಜ ಹೊಸ್ತಿಲಲ್ಲಿ ನಿಂತು ಹೇಳುವ ಹಾಗೆ, "ಬೆಚ್ಚಗಿರು" ಅನ್ನುತ್ತಾರೆ. ಮೊದಲ ಡಾಕ್ಟರ್ ಆಗಿ ಹಾರ್ಟ್‌ನೆಲ್ ಆ ಕಂತಿನಲ್ಲಿ ಆಡಿದ ಕೊನೆಯ ಮಾತು ಅದು. ಅದು ಕೇಳಿಸುತ್ತದೆ, ಸ್ಪಷ್ಟವಾಗಿಯೇ ಕೇಳಿಸುತ್ತದೆ.